ಸಹಾಯ ಬೇಕು: ಮೊಟ್ಟೆಯಿಲ್ಲದೆ ಸಕ್ಕರೆ ಬುರುಡೆ ಗಟ್ಟಿಯಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನವೆಂಬರ್ 1, 2ರ ಮೆಕ್ಸಿಕೋದ ‘ದಿಯಾ ದೆ ಮುಯೆರ್ತೋಸ್’ (ತೀರಿಕೊಂಡವರನ್ನು ನೆನೆಯುವ) ಹಬ್ಬಕ್ಕೆ ಹ್ಯೂಸ್ಟನ್‌ನ ಶಾಲೆಯೊಂದರಲ್ಲಿ ಮಕ್ಕಳಿಂದ ಸಕ್ಕರೆಯ ತಲೆಬುರುಡೆ ಮಾಡಿಸಬೇಕಿದೆ. 5 ಕಪ್ ಸಕ್ಕರೆಗೆ 5 ಟೀ ಚಮಚ ಮೆರಾಂಗ್ ಪುಡಿ (ಸಕ್ಕರೆಯನ್ನು ಗಟ್ಟಿಯಾಗಿ ಹಿಡಿಸುವ ಪುಡಿ), 5 ಟೀ ಚಮಚ ನೀರು. ಮುಷ್ಟಿಯಲ್ಲಿ ಹಿಡಿದರೆ ಬೆರಳಚ್ಚು ನಿಲ್ಲಬೇಕು. ಅಚ್ಚಿಗೆ ಒತ್ತಿ ತುಂಬಿ, ರಟ್ಟಿನ ಮೇಲೆ ಬೋರಲು ಹಾಕಿ ರಾತ್ರಿಯಿಡೀ ಒಣಗಿಸಬೇಕು. ನೀರು ಹೆಚ್ಚಾದರೆ ಅಚ್ಚು ಬಿಡದು, ಕಡಿಮೆಯಾದರೆ ಪುಡಿಪುಡಿ. ಗಾಳಿಯಲ್ಲಿ ತೇವ ಇದ್ದರಂತೂ ಒಣಗುವುದೇ ಕಷ್ಟ.

ತೊಡಕು ಇದು: ಮೆರಾಂಗ್ ಪುಡಿಯಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಮೊಟ್ಟೆ ಮುಟ್ಟದ ಮನೆಯ ಮಕ್ಕಳಿದ್ದಾರೆ, ಅಲರ್ಜಿ ಇರುವವರೂ ಇದ್ದಾರೆ. ಯಾರನ್ನೂ ಪಕ್ಕಕ್ಕೆ ಕೂರಿಸಲು ಮನಸ್ಸಿಲ್ಲ. ಮೆರಾಂಗ್ ಪುಡಿಯ ಬದಲು ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಇಂಗಿಸಿ ಬಳಸಿದವರು ಇದ್ದೀರಾ? ಇಷ್ಟೇ ಸಕ್ಕರೆಗೆ ಎಷ್ಟು ಚಮಚ ಹಾಕಿದಿರಿ? ಬುರುಡೆಯ ಮೇಲಿನ ಬಣ್ಣದ ಐಸಿಂಗ್ ಉದುರದೆ ನಿಂತಿತೇ? ದಯವಿಟ್ಟು ಅಳತೆ ಸಮೇತ ತಿಳಿಸಿ.