ಸಹಾಯ ಬೇಕು: ಕೊಂಬುಚಾ ಮೇಲೆ ಬಿಳಿ ಪದರ, ಎಲ್ಲಾ ಚೆಲ್ಲಬೇಕಾ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರಿ ಕೊಂಬುಚಾ (ಹುದುಗಿಸಿದ ಹುಳಿ ಚಹಾ), ಶುಂಠಿ ಸೋಡಾ ಮಾಡುತ್ತೇವೆ. ಅವರವರ ಬಾಟಲಿ ತಂದು ರುಚಿ ನೋಡೋದು, ಸ್ಕೋಬಿ (ಚಹಾ ಹುದುಗಿಸುವ ಯೀಸ್ಟ್-ಬ್ಯಾಕ್ಟೀರಿಯಾದ ಮೆತ್ತನೆ ಬಿಲ್ಲೆ) ಹಂಚಿಕೊಳ್ಳೋದು, ಜೊತೆಗೆ ಗಿರ್ಮಿಟ್, ಮಿರ್ಚಿ. ಈ ಸಲ ನಮ್ಮ ಮನೆ ಸರದಿ.

2 ಲೀಟರ್ ಚಹಾ, 150 ಗ್ರಾಂ ಸಕ್ಕರೆ, ಹಳೇ ಕೊಂಬುಚಾ 200 ಎಂಎಲ್ ಹಾಕಿದ್ದೆ. ಗಾಜಿನ ಭರಣಿ, ಬಾಯಿಗೆ ಕಾಟನ್ ಬಟ್ಟೆ. ಬೇಸಿಗೆಯಲ್ಲಿ 7 ದಿನಕ್ಕೇ ಹುಳಿ ಬರುತ್ತಿತ್ತು. ಈಗ ಜಿಟಿಜಿಟಿ ಮಳೆ, ಥಂಡಿ. 12 ದಿನ ಆದರೂ ಸಿಹಿ ಇಳಿದಿಲ್ಲ.

ಮೊನ್ನೆಯಿಂದ ಮೇಲೆ ತೆಳ್ಳಗೆ, ಸುಕ್ಕುಗಟ್ಟಿದ ಬಿಳಿ ಪದರ ಬಂದಿದೆ. ಬೂಷ್ಟಿನ ಹಾಗೆ ನವಿರು ಕೂದಲಿಲ್ಲ, ಹಸಿರು ಕಪ್ಪು ಚುಕ್ಕೆಯೂ ಇಲ್ಲ. ವಾಸನೆ ಮಾತ್ರ ಹುದುಗಿದ ಹಿಟ್ಟಿನ ಥರ. ಚಮಚದಿಂದ ಎರಡು ಸಲ ತೆಗೆದೆ, ಮರುದಿನ ಮತ್ತೆ ಬಂತು. ಹುಳಿ ಅಳೆಯುವ ಪಿಎಚ್ ಪಟ್ಟಿ 3.5 ತೋರಿಸುತ್ತಿದೆ.

ಗೆಳತಿಯೊಬ್ಬಳು ಇದು ಕಾಮ್ ಯೀಸ್ಟ್ (ಹುದುಗಿದ್ದರ ಮೇಲೆ ಬಿಳಿ ಪದರ ಕಟ್ಟುವ ಯೀಸ್ಟ್), ಅಪಾಯ ಇಲ್ಲ ಅಂತಾಳೆ. ಇನ್ನೊಬ್ಬರು ಸ್ಕೋಬಿ ಸಮೇತ ಚೆಲ್ಲು ಅಂತಾರೆ. ಮೂರು ವರ್ಷದಿಂದ ಕೈಯಿಂದ ಕೈಗೆ ಬಂದ ಸ್ಕೋಬಿ ಇದು, ಚೆಲ್ಲೋಕೆ ಮನಸ್ಸೇ ಬರ್ತಿಲ್ಲ. ಆದರೆ ಇದರ ತುಂಡನ್ನೇ ಭಾನುವಾರ ಇಬ್ಬರಿಗೆ ಕೊಡಬೇಕು.

ಅನುಭವ ಇದ್ದವರು ಹೇಳಿ: ಕಾಮ್ ಯೀಸ್ಟೋ ಬೂಷ್ಟೋ ಅಂತ ಖಚಿತ ಮಾಡಿಕೊಳ್ಳೋದು ಹೇಗೆ? ಯೀಸ್ಟೇ ಆದರೆ, ಈ ಸ್ಕೋಬಿ ತೊಳೆದು ಬೇರೆಯವರಿಗೆ ಕೊಡಬಹುದಾ?