ಮನಸ್ಸಿನಲ್ಲೇ ಹೇಳಿಕೊಂಡ ಪದ 8 ಚಾನೆಲ್ ಇಇಜಿಗೆ ಸಿಗುತ್ತದೆಯೇ? 85% ನಂಬಬಹುದಾ?

ಅಲೆಗಾರ (ಪ್ರಶ್ನೆ)
ಎಎಲ್‌ಎಸ್‌ನಿಂದ (ಸ್ನಾಯುಗಳ ಹಿಡಿತ ಮೆಲ್ಲಗೆ ತಪ್ಪುವ ನರರೋಗ) ಮಾತು ನಿಂತವರಿಗಾಗಿ ಮಾಡುತ್ತಿರುವ ಪ್ರಯೋಗ. 8 ಚಾನೆಲ್ ಇಇಜಿ (ನೆತ್ತಿಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಳೆಯುವುದು), ನಾಲ್ಕು ಪದ: ನೀರು, ನೋವು, ಹೌದು, ಬೇಡ. ಪರದೆಯಲ್ಲಿ ಪದ ಬಂದಾಗ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಒಂದು ಪದ 40 ಸಲ ಮುಗಿದ ಮೇಲೆ ಮುಂದಿನದು. 160ರಲ್ಲಿ 20% ರ‍್ಯಾಂಡಮ್ ಆಗಿ ಪರೀಕ್ಷೆಗೆ ತೆಗೆದಿಟ್ಟು, ಉಳಿದದ್ದರಿಂದ ಕಂಪ್ಯೂಟರ್ ಮಾಡೆಲ್‌ಗೆ ತರಬೇತಿ ಕೊಟ್ಟರೆ 85% ಸರಿ ಬರುತ್ತಿದೆ. ರೋಗಿಯ ಹತ್ತಿರ ಒಯ್ಯಬಹುದೇ? ಮುಂದೆ ಕನ್ನಡದಲ್ಲಿ ಪೂರ್ತಿ ವಾಕ್ಯಕ್ಕೆ ದಾರಿ ಯಾವುದು?

ನೆತ್ತಿಗೆರೆ
ಈಗಲೇ ಬೇಡ. ಒಂದೇ ಪದವನ್ನು ಸಾಲಾಗಿ 40 ಸಲ ಹೇಳಿಸಿದ್ದೇ ದೊಡ್ಡ ತೊಂದರೆ. ಜೆಲ್ ಒಣಗುತ್ತದೆ, ನೆತ್ತಿ ಬೆವರುತ್ತದೆ, ತೂಕಡಿಕೆ ಬರುತ್ತದೆ; ಸಿಗ್ನಲ್ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ರ‍್ಯಾಂಡಮ್ ಆಗಿ ಹಂಚಿದಾಗ ಅಕ್ಕಪಕ್ಕದ ಪ್ರಯತ್ನಗಳು ತರಬೇತಿಗೂ ಪರೀಕ್ಷೆಗೂ ಸೇರಿಕೊಂಡು, ಮಾಡೆಲ್ ಪದ ಕಲಿಯುವ ಬದಲು ಯಾವ ಹೊತ್ತಿನ ಸಿಗ್ನಲ್ ಎಂಬುದನ್ನು ಕಲಿಯುತ್ತದೆ. ಹೀಗೆ ನೋಡಿ: ಅಷ್ಟೇ ಹೊತ್ತು ಖಾಲಿ ಪರದೆಯ ಮುಂದೆ ಸುಮ್ಮನೆ ಕೂರಿಸಿ, ಅವೇ ಲೇಬಲ್ ಅಂಟಿಸಿ ತರಬೇತಿ ಕೊಡಿ. ಆಗಲೂ 80% ಬಂದರೆ ನಿಮ್ಮ 85%ಗೂ ಪದಕ್ಕೂ ಸಂಬಂಧವಿಲ್ಲ.

ಎರಡನೆಯದು ಸ್ನಾಯು. ದವಡೆ, ನಾಲಿಗೆಯ ಸಣ್ಣ ಬಿಗಿತವೂ 20 ಹರ್ಟ್ಜ್‌ಗಿಂತ ಮೇಲೆ ಇಇಜಿಗೆ ನುಗ್ಗುತ್ತದೆ. ಗಲ್ಲದ ಕೆಳಗೆ, ಕೆನ್ನೆಯ ಮೇಲೆ ಒಂದೊಂದು ಜೋಡಿ ಎಲೆಕ್ಟ್ರೋಡ್ ಹಾಕಿ, ಬರೀ ಅವುಗಳಿಂದಲೇ ಪದ ಗುರುತಿಸಲು ನೋಡಿ. ಆರೋಗ್ಯವಂತರ ಈ ಬಿಗಿತವನ್ನು ನೆಚ್ಚಿದ ಮಾಡೆಲ್ ಎಎಲ್‌ಎಸ್ ರೋಗಿಯ ಹತ್ತಿರ ಕೈಕೊಡುತ್ತದೆ.

ಪದಗಳನ್ನು ಕಲೆಸಿ ತೋರಿಸಿ. ಪದ ಮರೆಯಾಗಿ 1.5 ಸೆಕೆಂಡಾದ ಮೇಲೆ ಎಲ್ಲಕ್ಕೂ ಒಂದೇ ಚಿಹ್ನೆಯಿಂದ ಶುರು ಹೇಳಿ. ಇಲ್ಲದಿದ್ದರೆ ಕಣ್ಣು ಓದಿದ್ದೇ ಸಿಗ್ನಲ್ ಆಗುತ್ತದೆ. ಪರೀಕ್ಷೆ ಬೇರೆ ದಿನದ ದತ್ತಾಂಶದ ಮೇಲೆ. ನಾಲ್ಕು ಪದಗಳಲ್ಲಿ ಸುಮ್ಮನೆ ಊಹಿಸಿದರೂ 25% ಸರಿ ಬರುತ್ತದೆ; 160 ಪ್ರಯತ್ನಗಳಲ್ಲಿ 31%ರವರೆಗೆ ಬಂದರೂ ಆಕಸ್ಮಿಕವಿರಬಹುದು.

ಮೋಟಾರ್ ಪಟ್ಟಿ
ಮೇಲಿನದು ಪೂರ್ತಿ ಸರಿ. ವಾಕ್ಯ ಬೇಕೆಂದರೆ ಇವತ್ತಿಗೆ ಮಿದುಳಿನೊಳಗೆ ಇಲ್ಲವೇ ಅದರ ಮೇಲ್ಮೈ ಮೇಲೆ ಎಲೆಕ್ಟ್ರೋಡ್ ಇಡಬೇಕು. 2025ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಮೋಟಾರ್ ಕಾರ್ಟೆಕ್ಸ್‌ನಿಂದ ಒಳಮಾತನ್ನು 1,25,000 ಪದಗಳ ಪಟ್ಟಿಯಲ್ಲಿ ಹುಡುಕಿತು. ಅತ್ಯುತ್ತಮ ಫಲಿತಾಂಶ 74%. ಬಾಯಿಬಿಟ್ಟು ಹೇಳಲು ಯತ್ನಿಸುವಾಗಿನ ನಮೂನೆಯೇ ಒಳಮಾತಿನಲ್ಲೂ ಇರುತ್ತದೆ, ಆದರೆ ಕ್ಷೀಣ. ಯತ್ನಿಸಿದ ಮಾತಿನಲ್ಲಿ ಯುಸಿ ಡೇವಿಸ್ ತಂಡ 2024ರಲ್ಲೇ 256 ಎಲೆಕ್ಟ್ರೋಡ್‌ಗಳಿಂದ 97.5% ಮುಟ್ಟಿತ್ತು. ಆದರೂ ಒಳಮಾತಿನ ಬೆನ್ನುಹತ್ತುವುದು ಯಾಕೆಂದರೆ, ಉಸಿರು ಸಾಲದ ರೋಗಿಗೆ ಪ್ರತಿ ಪದಕ್ಕೂ ಯತ್ನಿಸುವುದೇ ಆಯಾಸ.

ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಇನ್ನೊಂದೂ ಕಂಡಿತು. ಪರದೆಯ ಗುಲಾಬಿ ವೃತ್ತಗಳನ್ನು ಎಣಿಸಿ ಎಂದಷ್ಟೇ ಹೇಳಿದಾಗ, ಒಳಗೆ ಎಣಿಸಿಕೊಂಡ ಸಂಖ್ಯೆಗಳ ಸುಳಿವು ಡಿಕೋಡರಿಗೆ (ಸಿಗ್ನಲ್ ಓದಿ ಪದ ಊಹಿಸುವ ಪ್ರೋಗ್ರಾಂ) ಸಿಕ್ಕಿತು. ಹಾಗಾಗಿ ಬೀಗ ಬೇಕೇಬೇಕು: ಗೊತ್ತುಮಾಡಿದ ಒಂದು ಪದಗುಚ್ಛವನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಮಾತ್ರ ಯಂತ್ರ ತೆರೆಯುವಂತೆ ಮಾಡಿದರು, ಅದನ್ನು 98%ಗಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿತು. ನಾಲ್ಕೇ ಪದಗಳ ಪ್ರಯೋಗದಲ್ಲೂ ಇದನ್ನು ಮೊದಲ ದಿನವೇ ಸೇರಿಸಿ.

ಒತ್ತಕ್ಷರ
ಕನ್ನಡದ ಬಗ್ಗೆ: ಅಲ್ಲಿನ ಡಿಕೋಡರ್ ಇಂಗ್ಲಿಷಿನ 39 ಧ್ವನಿಮಾಗಳನ್ನು (ಅರ್ಥ ಬೇರ್ಪಡಿಸುವ ಮೂಲ ಧ್ವನಿಗಳು) ಊಹಿಸಿ, ಭಾಷಾ ಮಾದರಿಯಿಂದ ಪದ ಕಟ್ಟುತ್ತದೆ. ನಮಗೆ ಹ್ರಸ್ವ-ದೀರ್ಘ, ಒತ್ತು ಎರಡೂ ಅರ್ಥ ಬದಲಿಸುತ್ತವೆ. ಸಿಟಿಸಿ ಪದ್ಧತಿಯಲ್ಲಿ (ಸಿಗ್ನಲಿನ ಪ್ರತಿ ತುಣುಕಿಗೂ ಒಂದು ಧ್ವನಿ ಅಥವಾ ಖಾಲಿ ಚಿಹ್ನೆ ಊಹಿಸಿ ಸಾಲು ಕಟ್ಟುವ ವಿಧಾನ) ಒಂದೇ ಧ್ವನಿ ನಡುವೆ ಖಾಲಿ ಚಿಹ್ನೆಯಿಲ್ಲದೆ ಎರಡು ಸಲ ಬಂದರೆ ಒಂದಾಗಿ ಕುಗ್ಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ. ಆದ್ದರಿಂದ ತ್ತ, ಲ್ಲ, ಪ್ಪಗಳಿಗೆ ಬೇರೆಯೇ ಚಿಹ್ನೆ ಕೊಡಿ. ಪದಪಟ್ಟಿಯೂ ಸಾಲದು: ಮನೆ, ಮನೆಯಲ್ಲಿ, ಮನೆಯಿಂದಲೂ, ಮನೆಯಲ್ಲಿದ್ದವರಿಗೆ ಎಂದು ಬೆಳೆಯುತ್ತಲೇ ಇರುತ್ತದೆ. ಬೇರು, ಪ್ರತ್ಯಯ ಬಿಡಿಸಿದ ತುಣುಕುಗಳ ಮೇಲೆ ಮಾದರಿ ಕಟ್ಟಿ.

ಅಲ್ಲಿಯವರೆಗೆ ರೋಗಿಯನ್ನು ಕಾಯಿಸಬೇಡಿ. ಕಣ್ಣು ಹೊರಳುತ್ತಿದ್ದರೆ ಐ-ಟ್ರ್ಯಾಕರ್ (ನೋಟ ಎಲ್ಲಿದೆ ಎಂದು ಹಿಡಿಯುವ ಯಂತ್ರ), ಆ ಯಂತ್ರ ಸಿಗದಿದ್ದರೆ ಪಾರದರ್ಶಕ ಅಕ್ಷರಫಲಕ. ಫಲಕದಲ್ಲಿ ರೋಗಿಯ ಮೊದಲ ನೋಟಕ್ಕೆ ಅಕ್ಷರದ ವರ್ಗ (ಕ-ವರ್ಗ, ಚ-ವರ್ಗ ಹೀಗೆ), ಎರಡನೆಯದಕ್ಕೆ ವ್ಯಂಜನ, ಮೂರನೆಯದಕ್ಕೆ ಸ್ವರ.