ಟಂಡಿಷ್ ಸಿಮ್ಯುಲೇಶನ್: ನೀರಿನ ಮಾಡೆಲ್ ಯಾಕೆ ಬೇಕು?

ಎಂಟೆಕ್_ಮೆಟಲರ್ಜಿ:
ನಮಸ್ಕಾರ. ಕಂಟಿನ್ಯುಯಸ್ ಕಾಸ್ಟಿಂಗ್‌ನ (ಕರಗಿದ ಉಕ್ಕನ್ನು ನಿರಂತರವಾಗಿ ಎರಕ ಹೊಯ್ಯೋ ವಿಧಾನ) ಟಂಡಿಷ್, ಅಂದ್ರೆ ಲೇಡಲ್‌ಗೂ (ಉಕ್ಕು ತರೋ ದೊಡ್ಡ ಪಾತ್ರೆ) ಮೋಲ್ಡಿಗೂ (ಅಚ್ಚು) ನಡುವಿನ ತೊಟ್ಟಿಯ ಮೇಲೆ ಪ್ರಾಜೆಕ್ಟ್ ಮಾಡ್ತಿದೀನಿ. ಲ್ಯಾಬ್‌ನಲ್ಲಿ ಮೂರನೇ ಒಂದು ಅಳತೆಯ ಅಕ್ರಿಲಿಕ್ ಮಾಡೆಲ್ ಇದೆ. 1,550 ಡಿಗ್ರಿ ಉಕ್ಕಿಗೂ ನಲ್ಲಿ ನೀರಿಗೂ ಎಲ್ಲಿಯ ಸಂಬಂಧ? ನೇರವಾಗಿ ಸಿಎಫ್‌ಡಿ (ಕಂಪ್ಯೂಟರ್‌ನಲ್ಲಿ ಹರಿವಿನ ಲೆಕ್ಕ) ಮಾಡಿದರೆ ಸಾಲದಾ?

ಕಾಸ್ಟರ್_ಶಿಫ್ಟ್:
ಸಂಬಂಧ ಗಟ್ಟಿಯಾಗೇ ಇದೆ. ದ್ರವ ಉಕ್ಕು ನೀರಿನ ಏಳು ಪಟ್ಟು ಭಾರ, ಸ್ನಿಗ್ಧತೆಯೂ (ಹರಿಯೋಕೆ ದ್ರವವೇ ಒಡ್ಡೋ ತಡೆ) ಹೆಚ್ಚುಕಡಿಮೆ ಅಷ್ಟೇ ಪಟ್ಟು. ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ: ಎರಡಕ್ಕೂ ಸೆಕೆಂಡಿಗೆ ಸುಮಾರು ಒಂದು ಚದರ ಮಿಲಿಮೀಟರ್ ಬರುತ್ತೆ. ಹರಿವಿನ ವಿಷಯದಲ್ಲಿ ಅವು ಅಣ್ಣತಮ್ಮಂದಿರು. ಫ್ರೌಡ್ ಸಂಖ್ಯೆ (ಹರಿವಿನ ವೇಗಕ್ಕೂ ಗುರುತ್ವಕ್ಕೂ ಇರೋ ಅನುಪಾತ) ಎರಡರಲ್ಲೂ ಒಂದೇ ಆಗೋ ಹಾಗೆ ಹೊಂದಿಸಿ. ಪ್ಲಾಂಟಿನಲ್ಲಿ ನಿಮಿಷಕ್ಕೆ 156 ಲೀಟರ್ ಉಕ್ಕು ಹರಿದರೆ ನಿಮ್ಮಲ್ಲಿ 10 ಲೀಟರ್ ನೀರು ಸಾಕು. ಈ ಅಳತೆಯಲ್ಲಿ ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರೋ ಅನುಪಾತ) ಹೊಂದೋದಿಲ್ಲ, ಆದರೆ ಹರಿವು ಪೂರ್ತಿ ಟರ್ಬ್ಯುಲೆಂಟ್ (ಸುಳಿಸುಳಿಯಾಗಿ) ಇದ್ದರೆ ಅದು ಅಷ್ಟು ಕಾಡಲ್ಲ.

ನೀರು ತೋರಿಸದೇ ಇರೋದು ಶಾಖವನ್ನು. ಹೊಸ ಲೇಡಲ್‌ನ ಬಿಸಿ ಉಕ್ಕು ಬಂದಾಗ ಮೇಲಕ್ಕೇರುತ್ತೆ, ತಣ್ಣನೆಯದು ತಳ ಹಿಡಿದು ಹೋಗುತ್ತೆ. ಸಿಎಫ್‌ಡಿಯ ನಿಜವಾದ ಬೆಲೆ ಅಲ್ಲಿ. ಮೊದಲು ನೀರಿಗೇ ಸಿಎಫ್‌ಡಿ ಮಾಡಿ ಹೊಂದಿಸಿ, ಆಮೇಲೆ ಶಾಖದ ಲೆಕ್ಕಕ್ಕೆ ಎನರ್ಜಿ ಇಕ್ವೇಶನ್ ಸೇರಿಸಿ. ಪರೀಕ್ಷಿಸದ ಬಣ್ಣದ ಚಿತ್ರ ನಂಬಿ ಡ್ಯಾಮ್ (ಟಂಡಿಷ್ ತಳದಲ್ಲಿ ಹರಿವು ತಿರುಗಿಸೋ ಅಡ್ಡಗೋಡೆ) ಎತ್ತರ ಬದಲಿಸಬೇಡಿ ದಯವಿಟ್ಟು. ಇನ್‌ಕ್ಲೂಷನ್ (ಉಕ್ಕಿನಲ್ಲಿ ಸೇರಿದ ಕಶ್ಮಲದ ಕಣ) ಮೋಲ್ಡಿಗೆ ಇಳಿದರೆ ಆ ಸ್ಲ್ಯಾಬ್ ಕೆಟ್ಟ ಹಾಗೇ.

ಎಂಟೆಕ್_ಮೆಟಲರ್ಜಿ:
ಧನ್ಯವಾದ ಸರ್. ನೀರಿಗೂ ಸಿಎಫ್‌ಡಿ ಮಾಡಿ ನೋಡಿದೆ, ಆರ್‌ಟಿಡಿ ಕರ್ವ್‌ನ (ದ್ರವ ತೊಟ್ಟಿಯಲ್ಲಿ ಎಷ್ಟು ಹೊತ್ತು ಇರುತ್ತೆ ಅಂತ ತೋರಿಸೋ ರೇಖೆ) ಪೀಕ್ ಸಿಎಫ್‌ಡಿಗಿಂತ ಪ್ರಯೋಗದಲ್ಲಿ ಬೇಗ ಬರ್ತಿದೆ. ಟ್ರೇಸರ್ (ಹರಿವಿನ ಜಾಡು ಹಿಡಿಯೋಕೆ ಹಾಕೋದು) ಉಪ್ಪುನೀರು.

ಲ್ಯಾಬ್_ಗೆಳತಿ:
ಉಪ್ಪು ಎಷ್ಟು ಗಾಢ? ದಟ್ಟ ದ್ರಾವಣ ಭಾರಕ್ಕೆ ತಳಕ್ಕಿಳಿದು ಬೇರೆಯೇ ದಾರಿ ಹಿಡಿಯುತ್ತೆ. ತೆಳು ಮಾಡಿ, ಕಡಿಮೆ ಹಾಕಿ. ಸಿಎಫ್‌ಡಿಯ ಮೆಶ್ (ಲೆಕ್ಕಕ್ಕೆ ಹಾಕಿದ ಜಾಲ) ಮುಟ್ಟೋದು ಆಮೇಲೆ.